ಹಗ್ಗವೂ ಗಂಟೂ ಜೀವರಕ್ಷಣೆಯೂ

ಹಗ್ಗವೆಂದೊಡನೆ ನಮ್ಮ ಹಿರಿಯರ ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದುದು ಬಾವಿಯ ಗಡಗಡೆ, ಎತ್ತಿನ ಮೂಗುದಾರ, ಕರುವಿನ ಕಣ್ಣಿ, ಕೂಸಿನ ತೊಟ್ಟಿಲು, ಜಾತ್ರೆಯ ತೇರಿನ ಮಿಣಿ. ಒಂದೊಂದಕ್ಕೂ ಒಂದೊಂದು ಹೆಸರಿತ್ತು. ಒಂದೊಂದಕ್ಕೂ ಒಂದೊಂದು ಗಂಟಿತ್ತು. ಕೊಡದ ಕೊರಳಿಗೆ ಹಾಕುವ ಕುಣಿಕೆಯನ್ನು ಕರುವಿನ ಕೊರಳಿಗೆ ಹಾಕಬಾರದೆಂಬುದು ಹತ್ತು ವರ್ಷದ ಹುಡುಗನಿಗೂ ತಿಳಿದಿತ್ತು. ಕೊಡಕ್ಕೆ ಹಾಕುವುದು ಭಾರ ಬಿದ್ದಷ್ಟೂ ಬಿಗಿಯುವ ಕುಣಿಕೆ. ಕರುವಿಗೆ ಹಾಕಬೇಕಾದುದು ಎಷ್ಟು ಜಗ್ಗಿದರೂ ಬಿಗಿಯದ ಕುಣಿಕೆ. ಇದನ್ನು ಯಾರೂ ಪುಸ್ತಕ ನೋಡಿ ಕಲಿತವರಲ್ಲ. ತಂದೆಯ ಕೈ ನೋಡಿ ಮಗ ಕಲಿತ, ಅಜ್ಜಿಯ ಕೈ ನೋಡಿ ಮೊಮ್ಮಗಳು ಕಲಿತಳು.

ಇಂದು ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳಲ್ಲಿ ನೆಲೆಸಿರುವ ನಮ್ಮ ಸದ್ಭಕ್ತ ಕುಟುಂಬಗಳಲ್ಲಿ ಹಗ್ಗವೆಂದರೆ ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ದಾರವೊಂದೇ. ನಲ್ಲಿ ಬಂದಿತು, ಬಾವಿ ಮುಚ್ಚಿತು. ಬಾವಿಯೊಡನೆ ಗಂಟಿನ ವಿದ್ಯೆಯೂ ಮುಚ್ಚಿಹೋಯಿತು. ಆದರೆ ಆ ವಿದ್ಯೆಯನ್ನು ಇನ್ನೂ ಕಾಯಕವೆಂದೇ ಅಭ್ಯಾಸ ಮಾಡುತ್ತಿರುವ ಒಂದು ವರ್ಗ ನಮ್ಮ ನಡುವೆಯೇ ಇದೆ. ಅವರೇ ಅಗ್ನಿಶಾಮಕ ಹಾಗೂ ತುರ್ತು ಸೇವೆಗಳ ಸಿಬ್ಬಂದಿ. ಬೆಂಕಿ ನಂದಿಸುವುದು ನೀರಿನಿಂದ ಎಂದಷ್ಟೇ ನಾವು ತಿಳಿದಿದ್ದೇವೆ. ಆ ನೀರಿನ ಕೊಳವೆಯನ್ನು ಮೂರನೆಯ ಮಹಡಿಗೆ ಏರಿಸುವುದು, ಹೊಗೆ ತುಂಬಿದ ಕೋಣೆಯಿಂದ ಮೂರ್ಛೆ ಹೋದವನನ್ನು ಇಳಿಸುವುದು, ಬಾವಿಗೆ ಬಿದ್ದವನನ್ನು ಎತ್ತುವುದು, ಪ್ರವಾಹದಲ್ಲಿ ದೋಣಿಯನ್ನು ಹಿಡಿದು ನಿಲ್ಲಿಸುವುದು ಇವೆಲ್ಲ ಹಗ್ಗದ ಕೆಲಸ.

ಭಾಷೆಯ ಮಾತೊಂದನ್ನು ಇಲ್ಲಿ ಹೇಳಿಬಿಡುತ್ತೇನೆ; ಮಠದಲ್ಲಿ ವ್ಯಾಕರಣ ಕಲಿತವನ ಚಪಲವೆಂದು ಓದುಗರು ಸಹಿಸಿಕೊಳ್ಳಬೇಕು. ಸಂಸ್ಕೃತದ ‘ಪ್ರಗ್ರಹ’ವು ಕನ್ನಡದಲ್ಲಿ ‘ಪಗ್ಗ’ವಾಗಿ, ಪಕಾರವು ಹಕಾರಕ್ಕೆ ತಿರುಗಿ ‘ಹಗ್ಗ’ವಾಯಿತು. ಪ್ರಗ್ರಹವೆಂದರೆ ಚೆನ್ನಾಗಿ ಹಿಡಿದುಕೊಳ್ಳುವುದು. ಶೈವದರ್ಶನಗಳಲ್ಲಿ ‘ಪಾಶ’ವೆಂದರೆ ಜೀವವನ್ನು ಕಟ್ಟಿಹಾಕುವ ಬಂಧನ. ಒಂದೇ ವಸ್ತು, ಎರಡು ಹೆಸರು. ಹಿಡಿದು ಉಳಿಸುವುದೂ ಅದೇ, ಬಿಗಿದು ಕೊಲ್ಲುವುದೂ ಅದೇ. ವ್ಯತ್ಯಾಸವಿರುವುದು ಗಂಟಿನಲ್ಲಿ.

ಹಗ್ಗದ ಮಾತು ಬಂದಾಗ ಶರಣ ನುಲಿಯ ಚಂದಯ್ಯನವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಕೆರೆಯಂಚಿನ ಹುಲ್ಲು ಕೊಯ್ದು, ಹದಮಾಡಿ, ಹಗ್ಗ ಹೊಸೆದು, ಮಾರಿ ಬಂದುದರಲ್ಲಿ ಜಂಗಮ ದಾಸೋಹ ನಡೆಸಿದವರು ಅವರು. ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿ ನೀರಿಗೆ ಬಿದ್ದರೂ ಕಾಯಕ ಬಿಡದ ಅವರ ನಿಷ್ಠೆಯ ಪ್ರಸಂಗ, ಮಡಿವಾಳ ಮಾಚಯ್ಯನವರು ನಡುವೆ ಬಂದು ತಿಳಿಹೇಳಿದ ಪ್ರಸಂಗ ನಮ್ಮವರಿಗೆಲ್ಲ ಗೊತ್ತು. ಶೂನ್ಯಸಂಪಾದನೆಯಲ್ಲಿ ಅವರದೇ ಒಂದು ಸಂಪಾದನೆಯಿದೆ. ಆ ಕಥೆಯನ್ನು ಪುರಾಣಿಕರು ಹೇಳುವಾಗ ಲಿಂಗದ ಕಡೆಗೇ ನಮ್ಮ ಗಮನ ಹೋಗುತ್ತದೆ. ನಾನು ಓದುಗರ ಗಮನವನ್ನು ಹಗ್ಗದ ಕಡೆಗೂ ಸ್ವಲ್ಪ ಸೆಳೆಯಬಯಸುತ್ತೇನೆ. ಹೊಸೆಯುವವನ ಕೈ ಒಂದು ಮೊಳದಲ್ಲಿ ಸಡಿಲವಾದರೆ, ನೂರು ಮೊಳದ ಹಗ್ಗವೂ ಆ ಒಂದು ಮೊಳದಷ್ಟೇ ಗಟ್ಟಿ. ಕೊಂಡವನಿಗೆ ಅದು ಕಾಣುವುದಿಲ್ಲ. ಬಾವಿಯ ಅರ್ಧದಲ್ಲಿ ಮಾತ್ರ ತಿಳಿಯುತ್ತದೆ. ಹೊಸೆದವನ ಪ್ರಾಮಾಣಿಕತೆಯನ್ನು ನಂಬಿ ಕಾಣದವನೊಬ್ಬನು ಪ್ರಾಣ ಒಪ್ಪಿಸುವ ಕಾಯಕ ಅದು.

ಹೊಸೆಯುವುದರ ಮರ್ಮ ಸರಳ. ತೆಂಗಿನ ನಾರಾಗಲಿ, ಪುಂಡಿಯಾಗಲಿ, ಕತ್ತಾಳೆಯಾಗಲಿ, ಒಂದು ನಾರು ಬಹಳ ಉದ್ದವಿರುವುದಿಲ್ಲ. ಅಂತಹ ಗಿಡ್ಡ ನಾರುಗಳನ್ನು ಒಂದು ದಿಕ್ಕಿಗೆ ತಿರುಚಿ ಹುರಿ ಮಾಡುತ್ತಾರೆ; ಹುರಿಗಳನ್ನು ವಿರುದ್ಧ ದಿಕ್ಕಿಗೆ ತಿರುಚಿ ಎಳೆ ಮಾಡುತ್ತಾರೆ; ಎಳೆಗಳನ್ನು ಮತ್ತೆ ಮೊದಲ ದಿಕ್ಕಿಗೆ ತಿರುಚಿ ಹಗ್ಗ ಮಾಡುತ್ತಾರೆ. ಒಂದು ಬಿಚ್ಚಿಕೊಳ್ಳಲು ಹೊರಟರೆ ಇನ್ನೊಂದು ಬಿಗಿಯುತ್ತದೆ. ಅಂಟಿಲ್ಲ, ಮೊಳೆಯಿಲ್ಲ, ನಾರು ನಾರಿಗೆ ಉಜ್ಜಿ ನಿಲ್ಲುವ ಘರ್ಷಣೆಯೇ ಹಗ್ಗದ ಜೀವ. ಗಂಟೂ ಅಷ್ಟೇ. ಹಗ್ಗವು ತನ್ನ ಮೇಲೆಯೇ ತಾನು ಒತ್ತಿ ನಿಲ್ಲುವಂತೆ ಮಾಡಿದ ಏರ್ಪಾಡೇ ಗಂಟು.

ಈ ಘರ್ಷಣೆ ಎಂತಹ ಶಕ್ತಿಯೆಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಎಂಬತ್ತು ಕಿಲೋ ತೂಕದ ಮನುಷ್ಯನನ್ನು ಹಗ್ಗದಲ್ಲಿ ಇಳಿಸಬೇಕಾಗಿದೆ ಎನ್ನಿ. ಬರಿಗೈಯಲ್ಲಿ ಹಿಡಿದರೆ ಇಬ್ಬರು ಬಲಶಾಲಿಗಳಿಗೂ ಕಷ್ಟ. ಅಂಗೈ ಸುಟ್ಟು ಹಗ್ಗ ಜಾರುತ್ತದೆ. ಅದೇ ಹಗ್ಗವನ್ನು ಗಟ್ಟಿಯಾದ ಕಂಬಕ್ಕೆ ಒಂದು ಸುತ್ತು ಸುತ್ತಿದರೆ, ಸಾಧಾರಣ ಘರ್ಷಣೆಯಲ್ಲಿ, ಹಿಡಿದವನ ಕೈಗೆ ಬರುವ ಭಾರ ಆರೇಳರಲ್ಲಿ ಒಂದು ಪಾಲು ಮಾತ್ರ. ಎರಡು ಸುತ್ತು ಸುತ್ತಿದರೆ ನಲವತ್ತರಲ್ಲಿ ಒಂದು ಪಾಲು. ಎಂಬತ್ತು ಕಿಲೋ ಮನುಷ್ಯನ ಭಾರ ಎರಡು ಕಿಲೋ ಅಕ್ಕಿಯ ಚೀಲದಷ್ಟಾಗುತ್ತದೆ. ತೇರು ಇಳಿಜಾರಿನಲ್ಲಿ ಓಡದಂತೆ ಹಿಂದಿನ ಮಿಣಿಯನ್ನು ಕಲ್ಲುಕಂಬಕ್ಕೆ ಸುತ್ತಿ ಹಿಡಿಯುತ್ತಿದ್ದ ಹಿರಿಯರಿಗೆ ಈ ಗಣಿತ ಬರುತ್ತಿರಲಿಲ್ಲ, ವಿದ್ಯೆ ಬರುತ್ತಿತ್ತು. ರಕ್ಷಣಾ ದಳದವರು ಇಂದು ಬಳಸುವ ಲೋಹದ ಇಳಿಕೆ ಸಾಧನಗಳಲ್ಲಿಯೂ ಅಡಗಿರುವುದು ಇದೇ ತತ್ತ್ವ.

ಈಗ ಗಂಟುಗಳ ವಿಚಾರ. ಎಲ್ಲಕ್ಕಿಂತ ಮೊದಲು ತಿಳಿಯಬೇಕಾದುದು ಒಂದೇ ಭೇದ. ಜೀರುಗುಣಿಕೆ ಎಂಬುದು ಭಾರ ಬಿದ್ದಾಗ ಜೀರಿಕೊಂಡು ಬಿಗಿಯುತ್ತದೆ. ಉರುಳು ಎಂದು ನಾವು ಭಯದಿಂದ ಕರೆಯುವುದು ಅದನ್ನೇ. ಗಾಬರಿಯಲ್ಲಿ ಬಾವಿಗೆ ಹಗ್ಗ ಬಿಡುವವರು ಹತ್ತರಲ್ಲಿ ಎಂಟು ಸಲ ಹಾಕುವುದು ಇದೇ ಕುಣಿಕೆಯನ್ನು ಎಂಬುದು ನನ್ನ ಅನಿಸಿಕೆ. ಏಕೆಂದರೆ ಕೈಗೆ ಸುಲಭವಾಗಿ ಬರುವುದು ಅದೇ. ಕಂಕುಳಿಗೆ ಹಾಕಿ ಎಳೆದರೆ ಅದು ಎದೆಗೂಡನ್ನು ಅಮುಕಿ ಉಸಿರು ಕಟ್ಟಿಸುತ್ತದೆ. ಮನುಷ್ಯನಿಗೆ ಹಾಕಬೇಕಾದುದು ಜೀರದ ಕುಣಿಕೆ. ಜಗತ್ತಿನ ನಾವಿಕರು, ಅಗ್ನಿಶಾಮಕರು, ಸ್ಕೌಟ್ ಬಾಲಕರು ಎಲ್ಲರೂ ಅದಕ್ಕಾಗಿ ಕಲಿಯುವುದು ಬೋಲೈನ್ ಗಂಟನ್ನು.

ಅದನ್ನು ಹಾಕುವ ಕ್ರಮ ಹೀಗೆ. ಹಗ್ಗದ ಉದ್ದ ಭಾಗವನ್ನು ಎಡಗೈಯಲ್ಲಿ ಹಿಡಿದು, ತುದಿಯಿಂದ ಎರಡು ಮೊಳ ಬಿಟ್ಟು, ತುದಿಯ ಕಡೆಯ ಹಗ್ಗ ಮೇಲೆ ಬರುವಂತೆ ಒಂದು ಚಿಕ್ಕ ಬಳೆ ಮಾಡಬೇಕು. ತುದಿಯನ್ನು ಕೆಳಗಿನಿಂದ ಆ ಬಳೆಯೊಳಗೆ ಮೇಲಕ್ಕೆ ತರಬೇಕು. ಉದ್ದ ಹಗ್ಗದ ಹಿಂಬದಿಯಿಂದ ಒಂದು ಸುತ್ತು ಹಾಕಿಸಿ, ಮತ್ತೆ ಅದೇ ಬಳೆಯೊಳಗೆ ಕೆಳಕ್ಕೆ ಇಳಿಸಬೇಕು. ಬಳಿಕ ಬಿಗಿಯಬೇಕು. ಮಕ್ಕಳಿಗೆ ಇದನ್ನು ಮೊಲದ ಕಥೆಯಾಗಿ ಕಲಿಸುತ್ತಾರೆ: ಬಿಲದಿಂದ ಮೊಲ ಮೇಲೆ ಬಂದಿತು, ಮರದ ಹಿಂದೆ ಸುತ್ತಿತು, ಮತ್ತೆ ಬಿಲಕ್ಕೆ ಇಳಿಯಿತು. ಮಿಗುವ ತುದಿ ಗೇಣಿಗಿಂತ ಕಡಿಮೆಯಿರಬಾರದು. ಆ ತುದಿಯಿಂದ ಪಕ್ಕದ ಹಗ್ಗಕ್ಕೆ ಇನ್ನೊಂದು ಅರೆಗಂಟು ಹಾಕಿದರೆ ನಿಶ್ಚಿಂತೆ. ಈ ಗಂಟು ಎಷ್ಟು ಭಾರ ಹೊತ್ತರೂ ಜೀರುವುದಿಲ್ಲ. ಭಾರ ಇಳಿಸಿದ ಮೇಲೆ ಹೆಬ್ಬೆರಳಿನಿಂದ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಕಗ್ಗಂಟಾಗದಿರುವುದು ರಕ್ಷಣೆಯಲ್ಲಿ ದೊಡ್ಡ ಗುಣ.

ಒಂದು ಸೋಜಿಗದ ಸಂಗತಿಯಿದೆ. ಮಗ್ಗದಲ್ಲಿ ನೂಲು ಹರಿದಾಗ ನೇಕಾರನು ಎರಡು ತುದಿಗಳನ್ನು ಬೆರಳ ತುದಿಯಲ್ಲಿ ಕ್ಷಣಾರ್ಧದಲ್ಲಿ ಕೂಡಿಸುವ ಗಂಟಿಗೂ ಈ ಬೋಲೈನಿಗೂ ಒಳರಚನೆ ಒಂದೇ. ಒಂದರಲ್ಲಿ ಎರಡು ನೂಲು ಕೂಡುತ್ತವೆ. ಇನ್ನೊಂದರಲ್ಲಿ ಹಗ್ಗ ತನ್ನನ್ನು ತಾನು ಕೂಡಿಕೊಂಡು ಕುಣಿಕೆಯಾಗುತ್ತದೆ. ಇಳಕಲ್ಲಿನ ಸೀರೆಯಲ್ಲಿಯೂ ಅಗ್ನಿಶಾಮಕನ ಹಗ್ಗದಲ್ಲಿಯೂ ಒಂದೇ ಬುದ್ಧಿ.

ಆದರೂ ಬೋಲೈನಿಗೆ ಒಂದು ದೌರ್ಬಲ್ಯವುಂಟು. ಭಾರವಿಲ್ಲದೆ ಅಲುಗಾಡುತ್ತಿದ್ದರೆ, ಅದರಲ್ಲಿಯೂ ನುಣುಪಾದ ನೈಲಾನ್ ಹಗ್ಗದಲ್ಲಿ, ಅದು ಮೆಲ್ಲನೆ ಸಡಿಲಗೊಳ್ಳಬಹುದು. ಆದುದರಿಂದ ಬಂಡೆ ಹತ್ತುವವರು ಮತ್ತು ರಕ್ಷಣಾ ದಳದವರು ಈಗ ಹೆಚ್ಚಾಗಿ ನಂಬುವುದು ಎಂಟರ ಗಂಟನ್ನು. ಅಂಕಿ ಎಂಟರ ಆಕಾರದಲ್ಲಿ ಹಗ್ಗ ಜೋಡಿಯಾಗಿ ಓಡುತ್ತದೆ. ಇದರ ಹಿರಿಮೆ ಬಲದಲ್ಲಿ ಮಾತ್ರವಲ್ಲ. ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂಬುದು ಮಾರುದೂರದಿಂದಲೇ ಇನ್ನೊಬ್ಬನ ಕಣ್ಣಿಗೆ ಕಾಣುತ್ತದೆ. ಗಂಟು ಹಾಕಿದವನೇ ಅದನ್ನು ಪರೀಕ್ಷಿಸುವಂತಿಲ್ಲ, ಇನ್ನೊಬ್ಬನು ಪರೀಕ್ಷಿಸಬೇಕು ಎಂಬುದು ಈ ವೃತ್ತಿಯ ನಿಯಮ. ತನ್ನ ತಪ್ಪು ತನಗೆ ಕಾಣುವುದಿಲ್ಲವೆಂಬುದನ್ನು ಅವರು ತತ್ತ್ವವಾಗಿ ಹೇಳುವುದಿಲ್ಲ, ದಿನಚರಿಯಾಗಿ ನಡೆಸುತ್ತಾರೆ.

ಗೂಟಕ್ಕೆ ದನ ಕಟ್ಟುವಾಗ ಎರಡು ಸುತ್ತು ಅಡ್ಡಹಾಯಿಸಿ ಹಾಕುವ ಗಂಟನ್ನು ಅಗ್ನಿಶಾಮಕರು ಕ್ಲೋವ್ ಹಿಚ್ ಎನ್ನುತ್ತಾರೆ. ಕೊಡಲಿ, ಏಣಿ, ನೀರಿನ ಕೊಳವೆಗಳನ್ನು ಮೇಲಕ್ಕೆ ಸೆಳೆಯಲು ಅದು. ಇನ್ನು ಕುರ್ಚಿಗಂಟು; ಒಂದೇ ಹಗ್ಗದ ನಡುಭಾಗದಲ್ಲಿ ಎರಡು ಕುಣಿಕೆ. ಒಂದು ಕಂಕುಳಿಗೆ, ಇನ್ನೊಂದು ತೊಡೆಯ ಕೆಳಗೆ ಮಂಡಿಯ ಹಿಂಬದಿಗೆ. ಮನುಷ್ಯ ಗಾಳಿಯಲ್ಲಿ ಕುಳಿತಂತೆ ಇಳಿಯುತ್ತಾನೆ. ಹಗ್ಗದ ಒಂದು ಬದಿಯನ್ನು ಮೇಲಿನವರು ಬಿಡುತ್ತ ಹೋದರೆ, ಇನ್ನೊಂದು ಬದಿಯನ್ನು ನೆಲದ ಮೇಲಿನವರು ಹೊರಕ್ಕೆ ಎಳೆದು ಹಿಡಿದು, ಇಳಿಯುವವನು ಗೋಡೆಗೆ, ಕಿಟಕಿಯ ಸಜ್ಜೆಗೆ, ಉರಿಯುವ ಮಹಡಿಗೆ ತಾಗದಂತೆ ನೋಡಿಕೊಳ್ಳುತ್ತಾರೆ. ಆಸ್ಟ್ರಿಯದ ಪರ್ವತಾರೋಹಿ ಕಾರ್ಲ್ ಪ್ರುಸಿಕ್ ೧೯೩೧ರಲ್ಲಿ ಪ್ರಚಾರಕ್ಕೆ ತಂದ ಗಂಟು ಇನ್ನೂ ವಿಲಕ್ಷಣವಾದುದು. ದಪ್ಪ ಹಗ್ಗದ ಸುತ್ತ ತೆಳುದಾರವನ್ನು ಮೂರು ಸುತ್ತು ಸುತ್ತಿದರೆ, ಭಾರ ಬಿದ್ದಾಗ ಕಚ್ಚಿಕೊಳ್ಳುತ್ತದೆ, ಭಾರ ತೆಗೆದಾಗ ಸರಿದಾಡುತ್ತದೆ. ಅಂತಹ ಎರಡು ದಾರಗಳಿದ್ದರೆ ತೂಗುವ ಹಗ್ಗವನ್ನೇ ಏಣಿಯಂತೆ ಹತ್ತಬಹುದು.

ಎಚ್ಚರಿಕೆಯ ಮಾತೊಂದು. ಶಾಲೆಯಲ್ಲಿ ಎಲ್ಲರೂ ಕಲಿಯುವ ಚಪ್ಪಟೆಗಂಟು, ಅಂದರೆ ರೀಫ್ ಗಂಟು, ಗಾಯದ ಪಟ್ಟಿ ಕಟ್ಟಲು, ಪೊಟ್ಟಣ ಕಟ್ಟಲು ಒಳ್ಳೆಯದು. ಎರಡು ಹಗ್ಗಗಳನ್ನು ಕೂಡಿಸಿ ಅದರಲ್ಲಿ ಮನುಷ್ಯನನ್ನು ತೂಗುಬಿಡಲು ಅದು ಮೃತ್ಯುವೇ ಸರಿ. ಒಂದು ತುದಿಯನ್ನು ಪಕ್ಕಕ್ಕೆ ಜಗ್ಗಿದರೆ ಸರಕ್ಕನೆ ಜಾರಿಹೋಗುತ್ತದೆ. ೧೯೪೪ರಲ್ಲಿ ಸುಮಾರು ೩,೯೦೦ ಗಂಟುಗಳ ಬೃಹದ್ಗ್ರಂಥ ಪ್ರಕಟಿಸಿದ ಅಮೆರಿಕದ ಆಶ್ಲಿ ಎಂಬಾತನು, ಉಳಿದೆಲ್ಲ ಗಂಟುಗಳಿಗಿಂತ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡುದು ಈ ಒಂದು ಗಂಟಿನ ದುರ್ಬಳಕೆಯೇ ಇರಬೇಕೆಂದು ಅಭಿಪ್ರಾಯಪಟ್ಟಿದ್ದಾನೆ. ಇದಲ್ಲದೆ, ಯಾವ ಗಂಟೇ ಆಗಲಿ, ಹಾಕಿದ ಕಡೆ ಹಗ್ಗ ಬಾಗಿ ಹೊರಮೈಯ ನಾರುಗಳಿಗೆ ಹೆಚ್ಚಿನ ಎಳೆತ ಬೀಳುವುದರಿಂದ ಹಗ್ಗದ ಬಲ ಕಾಲುಭಾಗದಿಂದ ಮೂರರಲ್ಲಿ ಒಂದು ಭಾಗದವರೆಗೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕುಗ್ಗುತ್ತದೆ. ಹಗ್ಗ ಮುರಿದರೆ ಬಹುಮಟ್ಟಿಗೆ ಮುರಿಯುವುದು ಗಂಟಿನ ಬುಡದಲ್ಲಿ.

ಹಗ್ಗದ ಪದಾರ್ಥವೂ ಬದಲಾಗಿದೆ. ಹಿಂದೆ ಅಗ್ನಿಶಾಮಕರ ಬಳಿ ಇದ್ದುದು ಮನಿಲಾ ಹಗ್ಗ. ಫಿಲಿಪೀನ್ಸಿನಲ್ಲಿ ಬೆಳೆಯುವ, ಬಾಳೆಯ ಜಾತಿಯ ಗಿಡದ ನಾರು. ಒದ್ದೆಯಾಗಿ ಮೂಲೆಯಲ್ಲಿ ಬಿದ್ದರೆ ಒಳಗೊಳಗೇ ಕೊಳೆಯುತ್ತದೆ, ಮೇಲೆ ಕಾಣದು. ೧೯೩೫ರಲ್ಲಿ ಅಮೆರಿಕದ ಪ್ರಯೋಗಶಾಲೆಯಲ್ಲಿ ನೈಲಾನ್ ಹುಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಶೂಟಿಗೂ ಹಗ್ಗಕ್ಕೂ ಬಂದಿತು. ೧೯೫೩ರಲ್ಲಿ ಜರ್ಮನಿಯಲ್ಲಿ ತಿರುಳು ಬೇರೆ, ನೇಯ್ದ ಹೊರಕವಚ ಬೇರೆ ಇರುವ ಹಗ್ಗ ತಯಾರಾಯಿತು. ಭಾರ ಹೊರುವುದು ತಿರುಳು. ಉಜ್ಜುವಿಕೆಯನ್ನು ತಾಳುವುದು ಕವಚ. ನೈಲಾನ್ ಕೊಳೆಯದು, ಆದರೆ ಬೆಂಕಿಗೆ ಹೆದರುತ್ತದೆ. ಅದರ ಬಗೆಗಳಿಗನುಸಾರ ೨೨೦ರಿಂದ ೨೬೦ ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದಕ್ಕೆ ಬಹಳ ಮೊದಲೇ ಬಲ ಕಳೆದುಕೊಳ್ಳುತ್ತದೆ. ಬೆಂಕಿಯ ಸಮೀಪ ಇಳಿಯಲು ಈಗ ಅರಾಮಿಡ್ ಎಂಬ ಬಗೆಯ ನಾರಿನ ಹಗ್ಗಗಳಿವೆ. ಅವು ಕರಗುವುದಿಲ್ಲ, ಅತಿಯಾದ ಶಾಖಕ್ಕೆ ಕರಕಲಾಗುತ್ತವೆ.

ಬೆಂಕಿಗಿಂತಲೂ ಹಗ್ಗದ ದೊಡ್ಡ ವೈರಿಯೆಂದರೆ ಅಂಚು. ೧೯೮೦ರ ಜೂನ್ ೨೭ರಂದು ನ್ಯೂಯಾರ್ಕ್ ನಗರದ ಹಾರ್ಲೆಮ್ ಭಾಗದಲ್ಲಿ, ಉರಿಯುವ ಕಟ್ಟಡದ ಮೇಲ್ಮಹಡಿಯ ಕಿಟಕಿಯಲ್ಲಿ ಅಗ್ನಿಶಾಮಕನೊಬ್ಬ ಸಿಕ್ಕಿಕೊಂಡನು. ಚಾವಣಿಯಿಂದ ಇನ್ನೊಬ್ಬನನ್ನು ಹಗ್ಗದಲ್ಲಿ ಇಳಿಸಿದರು. ಇಬ್ಬರ ಭಾರವೂ ಬಿದ್ದ ಹಗ್ಗ ತುಂಡಾಗಿ ಇಬ್ಬರೂ ಸತ್ತರು. ಆ ಸಾವಿನ ನಂತರವೇ ಜೀವರಕ್ಷಕ ಹಗ್ಗಕ್ಕೆಂದು ಪ್ರತ್ಯೇಕ ಮಾನದಂಡ ಅಮೆರಿಕದಲ್ಲಿ ೧೯೮೫ರಲ್ಲಿ ಬಂದಿತು. ಒಬ್ಬ ಮನುಷ್ಯ ಮತ್ತು ಅವನ ಸಲಕರಣೆಗಳ ಭಾರ ೧೩೬ ಕಿಲೋ ಎಂದು ಹಿಡಿದು, ಅದರ ೧೫ ಪಟ್ಟು, ಎಂದರೆ ಎರಡು ಟನ್ನಿಗೂ ಮಿಗಿಲಾದ ಭಾರವನ್ನು ಹಗ್ಗ ತಾಳಬೇಕೆಂದು ಆಗ ವಿಧಿಸಿದರು. ಹದಿನೈದು ಪಟ್ಟು ಅತಿಯಲ್ಲವೇ ಎಂದು ಕೇಳಬಹುದು. ಗಂಟು ಕಾಲುಭಾಗ ತಿನ್ನುತ್ತದೆ, ನೀರು ಸ್ವಲ್ಪ ತಿನ್ನುತ್ತದೆ, ಅಂಚು ತಿನ್ನುತ್ತದೆ, ಹಳತಾಗುವಿಕೆ ತಿನ್ನುತ್ತದೆ, ಒಂದು ಮೊಳ ಜಾರಿ ಬಿದ್ದು ನಿಂತರೆ ಭಾರವೇ ಹಲವು ಪಟ್ಟಾಗುತ್ತದೆ. ಇಷ್ಟೆಲ್ಲ ತಿಂದ ಮೇಲೂ ಮನುಷ್ಯನಿಗೆ ಉಳಿಯಬೇಕು.

ಅದೇ ನಗರದ ಬ್ರಾಂಕ್ಸ್ ಭಾಗದಲ್ಲಿ ೨೦೦೫ರ ಜನವರಿ ೨೩ರಂದು ಆರು ಮಂದಿ ಅಗ್ನಿಶಾಮಕರು ಬೆಂಕಿಗೆ ಸಿಕ್ಕಿ ನಾಲ್ಕನೆಯ ಮಹಡಿಯಿಂದ ಧುಮುಕಬೇಕಾಯಿತು. ಹಿಂದೆ ಕೊಟ್ಟಿದ್ದ ವೈಯಕ್ತಿಕ ಹಗ್ಗಗಳನ್ನು ಇಲಾಖೆ ಹಿಂದೆಗೆದುಕೊಂಡಿತ್ತು. ಒಬ್ಬನು ಮಾತ್ರ ಸ್ವಂತ ಹಣದಿಂದ ಕೊಂಡ ಹಗ್ಗವನ್ನು ಜೇಬಿನಲ್ಲಿಟ್ಟುಕೊಂಡಿದ್ದನು. ಅವನೂ ಜೊತೆಗಾರನೂ ಆ ಹಗ್ಗದ ನೆರವಿನಿಂದ ಘೋರವಾಗಿ ಗಾಯಗೊಂಡರೂ ಅಂದು ಬದುಕಿದರು. ಇಬ್ಬರು ಅಂದೇ ಪ್ರಾಣ ಬಿಟ್ಟರು. ಆಮೇಲೆ ಪ್ರತಿಯೊಬ್ಬರಿಗೂ ಹಗ್ಗ ಮರಳಿ ಬಂದಿತು. ದುಂದುಗಾರಿಕೆಯೆಂದು ಎಲ್ಲ ಕಡೆಯೂ ಮೊದಲು ಕೈಬಿಡುವುದು ಇಂತಹ ವಸ್ತುಗಳನ್ನೇ.

ನಮ್ಮ ನಗರಕ್ಕೆ ಬರೋಣ. ೨೦೧೦ರ ಫೆಬ್ರವರಿ ೨೩ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಬಿದ್ದುದು ಬೆಂಗಳೂರಿನವರಿಗೆ ಮರೆಯುವಂತಹುದಲ್ಲ. ಜ್ವಾಲೆಗಿಂತ ಹೊಗೆ ಹೆಚ್ಚು. ಮೆಟ್ಟಿಲ ದಾರಿ ಹೊಗೆಯ ಕೊಳವೆಯಂತಾಯಿತು. ಜನ ಕಿಟಕಿಯ ಗಾಜು ಒಡೆದು ಹೊರಗೆ ಕೈಚಾಚಿದರು. ಕೆಲವರು ತಾಳಲಾರದೆ ಧುಮುಕಿದರು. ಒಂಬತ್ತು ಮಂದಿ ಸತ್ತರು. ಅದು ನೂರಾರು ಅಡಿಯ ಗೋಪುರವೇನಲ್ಲ, ಏಳು ಅಂತಸ್ತಿನ ಕಟ್ಟಡ. ಮರುವರ್ಷದ ಡಿಸೆಂಬರ್ ೯ರಂದು ಕೋಲ್ಕತ್ತದ ಎ.ಎಂ.ಆರ್.ಐ. ಆಸ್ಪತ್ರೆಯ ಬೆಂಕಿಯಲ್ಲಿ ಸುಮಾರು ೯೦ ಮಂದಿ ಸತ್ತರು. ನಡೆಯಲಾಗದ ರೋಗಿಗಳನ್ನು ಹಗ್ಗಗಳಲ್ಲಿ ಕಟ್ಟಿ ಕಿಟಕಿಗಳಿಂದ ಇಳಿಸಿದ ದೃಶ್ಯವನ್ನು ಅಂದು ದೇಶವೆಲ್ಲ ನೋಡಿತು. ಹೆಬ್ಬಾಳದಿಂದ ಯಲಹಂಕದವರೆಗೆ ಹೆದ್ದಾರಿಯ ಎರಡೂ ಬದಿಗೆ ಇಂದು ಎದ್ದಿರುವ ಕಟ್ಟಡಗಳ ಎದುರು ಕಾರ್ಲ್‌ಟನ್ ಕಟ್ಟಡ ಕುಳ್ಳು. ಬೆಂಗಳೂರಿನ ಅಗ್ನಿಶಾಮಕ ಇಲಾಖೆಗೆ ೯೦ ಮೀಟರ್ ಎತ್ತರಕ್ಕೆ ಏರುವ ಏಣಿ ವಾಹನ ಬಂದಿದೆ, ಸಂತೋಷ. ಆದರೆ ಅಂತಹ ವಾಹನ ಒಳರಸ್ತೆಗೆ ತಿರುಗಬೇಕು, ಕಾಲೂರಿ ನಿಲ್ಲಲು ಅಂಗಳ ಬೇಕು. ಕಾರು ನಿಲ್ಲಿಸಿ ಮುಚ್ಚಿದ ಅಂಗಳದಲ್ಲಿ ಅದು ನಿಸ್ಸಹಾಯ. ಅಂತಹ ಕಡೆ ಮೆಟ್ಟಿಲೇ ಮೊದಲ ದಾರಿ, ಮೆಟ್ಟಿಲು ಮುಚ್ಚಿದಾಗ ತರಬೇತಾದವರ ಹಗ್ಗ.

‘ತರಬೇತಾದವರ’ ಎಂಬ ಮಾತಿಗೆ ಒತ್ತುಕೊಟ್ಟು ಓದಬೇಕು. ಬೆಂಕಿ ಬಿದ್ದರೆ ಇರಲಿ ಎಂದು ಐದನೆಯ ಮಹಡಿಯ ಮನೆಯಲ್ಲಿ ಹಗ್ಗವೊಂದನ್ನು ಕೊಂಡಿಟ್ಟುಕೊಂಡರೆ ಸಾಕೆಂದು ಯಾರಾದರೂ ಭಾವಿಸಿದರೆ ಅದು ಅಪಾಯದ ಭಾವನೆ. ಬರಿಗೈಯಲ್ಲಿ ಹಗ್ಗ ಹಿಡಿದು ಐವತ್ತು ಅಡಿ ಇಳಿಯಲು ಸಾಮಾನ್ಯರಿಗೆ ಆಗದು. ಗೃಹಸ್ಥರಿಗೆ ಮೆಟ್ಟಿಲ ದಾರಿಯನ್ನು ತೆರವಾಗಿಡುವುದು, ಹೊಗೆ ತಡೆಯುವ ಬಾಗಿಲಿಗೆ ಬೀಗ ಹಾಕದಿರುವುದು, ಹೊಗೆ ಕಂಡಾಗ ಬಾಗಿ ನಡೆಯುವುದು ಇವೇ ಹಗ್ಗಕ್ಕಿಂತ ದೊಡ್ಡ ರಕ್ಷಣೆ.

ಉತ್ತರ ಬೆಂಗಳೂರಿಗೂ ಹಗ್ಗದ ರಕ್ಷಣೆಗೂ ಇರುವ ನಂಟು ನಮ್ಮಲ್ಲಿ ಹಲವರಿಗೆ ತಿಳಿಯದು. ೨೦೨೨ರ ಫೆಬ್ರವರಿ ತಿಂಗಳೊಂದರಲ್ಲಿಯೇ ಎರಡು ಪ್ರಸಂಗಗಳು ನಡೆದವು. ಕೇರಳದ ಮಲಂಪುಳದ ಬಳಿ ಗುಡ್ಡ ಹತ್ತಿದ ಯುವಕನೊಬ್ಬ ಕಾಲು ಜಾರಿ ಕಡಿದಾದ ಬಂಡೆಯ ಸಂದಿನಲ್ಲಿ ಸಿಕ್ಕಿಕೊಂಡನು. ಎರಡು ರಾತ್ರಿ ಅನ್ನ ನೀರಿಲ್ಲ. ಹೆಲಿಕಾಪ್ಟರ್ ಪ್ರಯತ್ನ ಫಲಿಸಲಿಲ್ಲ. ವೆಲಿಂಗ್ಟನ್ನಿನ ಮದ್ರಾಸ್ ರೆಜಿಮೆಂಟ್ ಕೇಂದ್ರದ ಸೈನಿಕರೊಡನೆ ಬೆಂಗಳೂರಿನ ಪ್ಯಾರಾಶೂಟ್ ರೆಜಿಮೆಂಟ್ ಕೇಂದ್ರದ ಸೈನಿಕರೂ ಹೊರಟರು. ಈ ಕೇಂದ್ರವಿರುವುದು ಆರ್.ಟಿ. ನಗರದಿಂದ ದೂರವಲ್ಲದ ಜಯಮಹಲ್ ಕಡೆಗೆ. ಫೆಬ್ರವರಿ ೯ರ ಬೆಳಗ್ಗೆ ಗುಡ್ಡದ ತಲೆಯಿಂದ ಸೈನಿಕನೊಬ್ಬ ಹಗ್ಗದಲ್ಲಿ ಇಳಿದು, ಮೊದಲು ನೀರು ಕುಡಿಸಿ, ಆಮೇಲೆ ಅವನನ್ನು ತನ್ನ ಮೈಗೇ ಬಿಗಿದುಕೊಂಡನು. ಮೇಲಿದ್ದವರು ಇಬ್ಬರನ್ನೂ ಸೆಳೆದುಕೊಂಡರು. ಮೊದಲು ನೀರು, ಆಮೇಲೆ ಹಗ್ಗ ಎಂಬ ಆ ಕ್ರಮವನ್ನು ಗಮನಿಸಬೇಕು. ಬಾಯಾರಿ ನಡುಗುವವನು ಹಗ್ಗದ ಮೇಲೆ ಒದ್ದಾಡಿದರೆ ಇಬ್ಬರಿಗೂ ಕೇಡು.

ಹನ್ನೊಂದು ದಿನ ಕಳೆಯಿತು. ಫೆಬ್ರವರಿ ೨೦ರಂದು ನಂದಿಬೆಟ್ಟದ ಬಳಿಯ ಬ್ರಹ್ಮಗಿರಿಯಲ್ಲಿ ಹತ್ತೊಂಬತ್ತು ವರ್ಷದ ವಿದ್ಯಾರ್ಥಿಯೊಬ್ಬ ಜಾರಿ ಸುಮಾರು ೩೦೦ ಅಡಿ ಕೆಳಗೆ ಬಂಡೆಯ ಮೇಲೆ ಸಿಕ್ಕಿಕೊಂಡನು. ಚಿಕ್ಕಬಳ್ಳಾಪುರದ ಆಡಳಿತ ಯಲಹಂಕದ ವಾಯುಪಡೆ ನಿಲ್ದಾಣಕ್ಕೆ ಮೊರೆಹೋಯಿತು. ಅಲ್ಲಿಂದ ಹಾರಿದ ಎಂ.ಐ. ೧೭ ಹೆಲಿಕಾಪ್ಟರಿಗೆ ಇಳಿಯಲು ಜಾಗವಿಲ್ಲ. ಬಂಡೆಗೆ ಹತ್ತಿರದಲ್ಲಿ ಗಾಳಿಯಲ್ಲಿಯೇ ನಿಂತು, ರಾಟೆಯ ಹಗ್ಗದಲ್ಲಿ ವಾಯುಪಡೆಯ ಸಿಬ್ಬಂದಿಯೊಬ್ಬನನ್ನು ಇಳಿಸಿ, ಹುಡುಗನನ್ನು ಎತ್ತಿಕೊಂಡಿತು. ಯಲಹಂಕದ ಆಕಾಶದಲ್ಲಿ ವಿಮಾನ ಪ್ರದರ್ಶನದ ಕಸರತ್ತು ನೋಡಲು ನಾವು ಮಕ್ಕಳೊಡನೆ ಹೋಗುತ್ತೇವೆ. ಅದೇ ನಿಲ್ದಾಣದಿಂದ ಹೊರಟ ಈ ಹಗ್ಗದ ಕಸರತ್ತಿಗೆ ಚಪ್ಪಾಳೆ ತಟ್ಟಲು ಬಂಡೆಯ ಮೇಲೆ ಯಾರೂ ಇರಲಿಲ್ಲ.

ಹಗ್ಗಕ್ಕೂ ಅಸಾಧ್ಯವಾದ ಸ್ಥಳವಿದೆ: ಕೊಳವೆಬಾವಿ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ೨೦೨೪ರ ಏಪ್ರಿಲ್ ೩ರ ಸಂಜೆ ಎರಡು ವರ್ಷದ ಕೂಸು ತೆರೆದ ಕೊಳವೆಬಾವಿಗೆ ತಲೆಕೆಳಗಾಗಿ ಬಿದ್ದಿತು. ಕುಣಿಕೆ ತೊಡಲು ಕೂಸಿಗೆ ತಿಳಿಯದು; ತೊಡಿಸಲು ಮನುಷ್ಯನ ಕೈ ಹಿಡಿಯದು. ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡಿ, ಅಲ್ಲಿಂದ ಅಡ್ಡಲಾಗಿ ಕೊರೆದು, ಸುಮಾರು ಇಪ್ಪತ್ತು ಗಂಟೆಗಳ ಶ್ರಮದ ಬಳಿಕ ಮರುದಿನ ಮಧ್ಯಾಹ್ನ ಜೀವಂತವಾಗಿ ಹೊರತೆಗೆದರು. ಲಚ್ಯಾಣದ ಸಿದ್ಧಲಿಂಗ ಮಹಾರಾಜರ ಕೃಪೆಯೆಂದು ಜನ ಕೈಮುಗಿದರು. ಹಾಗೆ ಬಿದ್ದು ಉಳಿಯದ ಕಂದಮ್ಮಗಳ ಹೆಸರು ಬಹಳ. ತೆರೆದ ಕೊಳವೆಬಾವಿಗೆ ಮುಚ್ಚಳ ಹಾಕಬೇಕು, ಸುತ್ತ ಬೇಲಿ ಕಟ್ಟಬೇಕು ಎಂದು ಸುಪ್ರೀಂ ಕೋರ್ಟು ೨೦೧೦ರಲ್ಲಿಯೇ ನಿರ್ದೇಶಿಸಿದೆ. ಊರಿನಲ್ಲಿ ಜಮೀನಿರುವ ನಮ್ಮ ಕುಟುಂಬಗಳು ಮುಂದಿನ ಸಲ ಹೋದಾಗ ನೀರು ಬಾರದೆ ಬಿಟ್ಟ ಕೊಳವೆಯ ಬಾಯಿಯನ್ನು ಮೊದಲು ನೋಡಿ ಬರಲಿ.

ನಗರದ ಮನೆಗಳಲ್ಲಿ ಬಾವಿಯ ಸ್ಥಾನಕ್ಕೆ ಸಂಪು ಬಂದಿದೆ. ಮಲಗುಂಡಿಯಿದೆ, ಒಳಚರಂಡಿಯ ಗುಂಡಿಯಿದೆ. ಇಲ್ಲಿ ಕೊಲ್ಲುವುದು ಆಳವಲ್ಲ, ಗಾಳಿ. ಮುಚ್ಚಿದ ಗುಂಡಿಯಲ್ಲಿ ಆಮ್ಲಜನಕ ಕ್ಷೀಣಿಸಿರುತ್ತದೆ. ಮಲಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ತುಂಬಿರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದು ಒಡನೆಯೇ ನಿಂತಿತೆಂದರೆ ಅನಿಲ ಹೋಯಿತೆಂದಲ್ಲ, ಮೂಗು ಸೋತಿತೆಂದು ಅರ್ಥ. ಮೊದಲು ಇಳಿದವನು ಕುಸಿಯುತ್ತಾನೆ. ಅವನನ್ನು ಎತ್ತಲು ಅಣ್ಣ ಇಳಿಯುತ್ತಾನೆ, ಅವನೂ ಕುಸಿಯುತ್ತಾನೆ. ತಂದೆ ಇಳಿಯುತ್ತಾನೆ. ಒಂದೇ ಮನೆಯ ಮೂರು ಹೆಣಗಳ ಸುದ್ದಿಯನ್ನು ನಾವು ಪತ್ರಿಕೆಯಲ್ಲಿ ಮತ್ತೆ ಮತ್ತೆ ಓದುತ್ತೇವೆ. ದೀಪ ಇಳಿಬಿಟ್ಟು ನೋಡುವ ಹಳೆಯ ಪದ್ಧತಿ ಆಮ್ಲಜನಕದ ಕೊರತೆಯನ್ನು ಮಾತ್ರ ತೋರಿಸೀತು, ವಿಷಾನಿಲವನ್ನು ತೋರಿಸದು. ಉರಿಯುವ ಅನಿಲವಿದ್ದರೆ ದೀಪವೇ ಸಿಡಿತಕ್ಕೆ ಕಾರಣ. ಉಸಿರಾಟದ ಸಾಧನ ಧರಿಸಿ, ಸೊಂಟಕ್ಕೆ ಹಗ್ಗದ ಪಟ್ಟಿ ಕಟ್ಟಿಕೊಂಡು, ಮೇಲೆ ಹಗ್ಗ ಹಿಡಿದವರೊಡನೆ ಇಳಿಯುವ ಅಗ್ನಿಶಾಮಕನ ಹೊರತು ಬೇರೆ ಯಾರೂ ಅಲ್ಲಿಗೆ ಇಳಿಯಕೂಡದು. ಮಲಗುಂಡಿ, ಒಳಚರಂಡಿಗಳಿಗೆ ರಕ್ಷಣೆಯಿಲ್ಲದೆ ಕೂಲಿಯವರನ್ನು ಇಳಿಸುವುದು ೨೦೧೩ರ ಕಾನೂನಿನಂತೆ ಅಪರಾಧವೂ ಹೌದು. ಇನ್ನೊಬ್ಬರ ಮಗನನ್ನು ಇಳಿಸುವಾಗ ನಮಗೆ ಆ ಕಾನೂನು ನೆನಪಾಗುವುದು ಅಪರೂಪ.

ಈ ವಿದ್ಯೆಯನ್ನು ನಮ್ಮ ಮಕ್ಕಳಿಗೆ ಕಲಿಸುವ ಏರ್ಪಾಡುಗಳು ದೂರವಿಲ್ಲ. ಯಲಹಂಕದಿಂದ ಮುಂದೆ ದೊಡ್ಡಬಳ್ಳಾಪುರದಲ್ಲಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ತರಬೇತಿ ಕೇಂದ್ರವಿದೆ. ಹರಿಹರದ ಕಡೆಯವರಿಗೆ ಕೊಂಡಜ್ಜಿಯಲ್ಲಿದೆ. ಮುಂಬಯಿ ಬಂದರಿನ ೧೯೪೪ರ ಸ್ಫೋಟದಲ್ಲಿ ಮಡಿದ ೬೬ ಅಗ್ನಿಶಾಮಕರ ನೆನಪಿಗೆ ಪ್ರತಿವರ್ಷ ಏಪ್ರಿಲ್ ೧೪ರಿಂದ ನಡೆಯುವ ಸಪ್ತಾಹದಲ್ಲಿ ಅಗ್ನಿಶಾಮಕರ ಹಗ್ಗದ ಪ್ರಾತ್ಯಕ್ಷಿಕೆಗಳನ್ನು ನೋಡುವ ಅವಕಾಶವೂ ಸಿಗುತ್ತದೆ. ಮನೆಯಲ್ಲಿಯೇ ಕುಳಿತು, ಬೆರಳು ಗಾತ್ರದ ಎರಡು ಮಾರು ಹಗ್ಗದಿಂದ ಮೇಲೆ ಹೇಳಿದ ಬೋಲೈನ್ ಒಂದನ್ನು ಕುರ್ಚಿಯ ಕಾಲಿಗೆ ಹಾಕಿ ಕಲಿಯಬಹುದು. ಬೆಳಕಿನಲ್ಲಿ ಬಂದ ಮೇಲೆ ಕಣ್ಣು ಮುಚ್ಚಿ ಹಾಕಬೇಕು. ಆಟವಾಡುವಾಗಲೂ ಕುಣಿಕೆಯನ್ನು ಕೊರಳಿಗೆ ಹಾಕಕೂಡದೆಂಬುದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿಬಿಡಬೇಕು.

ತೋಟದ ತೆರೆದ ಬಾವಿಗೋ ಕೆರೆಗೋ ಯಾರಾದರೂ ಬಿದ್ದರೆ, ಮೊದಲು ೧೧೨ಕ್ಕೆ ಅಥವಾ ೧೦೧ಕ್ಕೆ ಕರೆ ಮಾಡಿ ಸ್ಥಳದ ಗುರುತನ್ನು ಸ್ಪಷ್ಟವಾಗಿ ಹೇಳಬೇಕು. ಯಾರೂ ಹಿಂದೆಯೇ ಧುಮುಕಬಾರದು. ಬಿದ್ದವರಿಗೆ ಪ್ರಜ್ಞೆಯಿದ್ದರೆ, ತೋಳು ತೂರುವಷ್ಟು ದೊಡ್ಡದಾದ ಜೀರದ ಕುಣಿಕೆ ಹಾಕಿದ ಹಗ್ಗವನ್ನು ಮುಖಕ್ಕೆ ತಾಗದಂತೆ ಪಕ್ಕದಲ್ಲಿ ಇಳಿಬಿಟ್ಟು, ಕುಣಿಕೆಯನ್ನು ತಲೆಯ ಮೇಲಿಂದ ತಂದು ಎರಡೂ ಕಂಕುಳ ಕೆಳಗೆ ಸೇರಿಸಿಕೊಳ್ಳಲು ಸಮಾಧಾನದಿಂದ ಹೇಳಬೇಕು. ಅವರೊಡನೆ ಮಾತು ನಿಲ್ಲಿಸಬಾರದು. ಅವಸರದಿಂದ ಮೇಲಕ್ಕೆ ಎಳೆಯಲು ಹೋಗಬಾರದು. ತಲೆ ನೀರಿನ ಮೇಲೆ ನಿಲ್ಲುವಷ್ಟು ಆಸರೆ ಕೊಟ್ಟರೆ ಸಾಕು. ಮೇಲಿನ ತುದಿಯನ್ನು ಕೈಗೆ ಸುತ್ತಿಕೊಳ್ಳದೆ, ಹತ್ತಿರದ ಗಟ್ಟಿ ಮರಕ್ಕೋ ಕಲ್ಲುಕಂಬಕ್ಕೋ ಎರಡು ಸುತ್ತು ಸುತ್ತಿ, ಬಾವಿಯ ಅಂಚಿಗೆ ಗೋಣಿಚೀಲ ಹಾಸಿ, ಅಗ್ನಿಶಾಮಕರು ಬರುವವರೆಗೆ ಹಾಗೆಯೇ ಹಿಡಿದಿರಬೇಕು.